ಮೊದಲ ಸೆಮಿ ಆಟೋಮ್ಯಾಟಿಕ್ ರೈಫಲ್: ಕೊಟ್ಟ ಕಾಸಿಗೆ ಯಾವುದು ಸರಿ?

ಅಮೆರಿಕಾದಲ್ಲಿ ಗ್ರೀನ್ ಕಾರ್ಡೋ ಸಿಟಿಜನ್‌ಶಿಪ್ಪೋ ಕೈಗೆ ಬಂದು, ಯಾರೋ ಆಫೀಸ್ ಫ್ರೆಂಡ್ ಜೊತೆ ಒಂದ್ಸಲ ಶೂಟಿಂಗ್ ರೇಂಜ್‌ಗೆ ಹೋಗಿ ಬಂದ್ಮೇಲೆ ನಮ್ಮ ಕನ್ನಡದೋರು ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ, ಕಮ್ಮಿ ದುಡ್ಡಲ್ಲಿ ಒಂದು ಒಳ್ಳೆ ಸೆಮಿ ಆಟೋ ರೈಫಲ್ ಯಾವ್ದು ಹೇಳಿ ಸಾರ್ ಅಂತ. (ಸೆಮಿ ಆಟೋ ಅಂದ್ರೆ ಟ್ರಿಗರ್ ಒತ್ತಿದಾಗೆಲ್ಲ ಒಂದೊಂದೇ ಗುಂಡು ಹೊಡೆಯೋದು, ವಿವರ ಮುಂದೆ.) ಕೇಳೋವಾಗ್ಲೇ ಅವರ ಮನಸ್ಸಲ್ಲಿ ಎಆರ್ 15, ಅಂದ್ರೆ ಮಿಲಿಟರಿ ರೈಫಲ್ ಥರ ಕಾಣೋ ಸೆಮಿ ಆಟೋ, ಕೂತಿರುತ್ತೆ, ಯಾಕಂದ್ರೆ ಅಂಗಡಿ ಗೋಡೆ ಮೇಲೆ ಸಾಲಾಗಿ ನೇತಾಕಿರೋದು ಅದೇ. ನನ್ನ ಉತ್ತರ ಮಾತ್ರ ಬೇರೆ. ಮೊದಲ ರೈಫಲ್ .22 ಎಲ್‌ಆರ್ ಅನ್ನೋ ಸಣ್ಣ ಗುಂಡು ಹಾಕೋದು ಆಗಿರ್ಲಿ, ಎಆರ್ ಆಮೇಲೆ ನೋಡೋಣ. ಯಾಕೆ ಅಂತ ಲೆಕ್ಕ ಸಮೇತ ಹೇಳ್ತೀನಿ, ಆಮೇಲೆ .22ರಲ್ಲೇ ಯಾವ ಯಾವ ರೈಫಲ್ ಹೇಗಿದೆ ಅಂತ ಒಂದಕ್ಕೊಂದು ಹೋಲಿಸೋಣ.

ಅದಕ್ಕೂ ಮುಂಚೆ ವೀಸಾ ವಿಷಯ. ಇದು ತುಂಬಾ ಜನಕ್ಕೆ ಗೊತ್ತೇ ಇರಲ್ಲ, ಗೊತ್ತಿರ್ಲೇಬೇಕು. ಎಚ್1ಬಿ, ಎಲ್1, ಎಫ್1, ಎಚ್4 ಇವೆಲ್ಲ ನಾನ್ ಇಮಿಗ್ರಂಟ್ ವೀಸಾಗಳು, ಈ ವೀಸಾ ಮೇಲೆ ಇರೋರು ಬಂದೂಕು ಇಟ್ಕೊಳ್ಳೋದು ಫೆಡರಲ್ ಕಾನೂನಲ್ಲಿ ನಿಷೇಧ, ಕೊಂಡ್ಕೊಳ್ಳೋದು ಮಾತ್ರ ಅಲ್ಲ, ಇಟ್ಕೊಳ್ಳೋದೂ ಸೇರಿ. ಇದಕ್ಕೆ ಒಂದೆರಡು ವಿನಾಯಿತಿ ಇವೆ, ಅದರಲ್ಲಿ ಜನ ಜಾಸ್ತಿ ಹೇಳೋದು ಯಾವ್ದೋ ಒಂದು ರಾಜ್ಯದ ಚಾಲ್ತಿ ಹಂಟಿಂಗ್ ಲೈಸೆನ್ಸ್ ಇರೋದು. ಆ ದಾರಿ ಕಾನೂನಲ್ಲಿ ಇದೆ, ಸುಳ್ಳಲ್ಲ, ಆದ್ರೆ ಲೈಸೆನ್ಸ್ ಅವಧಿ ಮುಗಿದ ದಿನ ಮನೇಲಿ ರೈಫಲ್ ಇದ್ರೆ ಅದು ಅಪರಾಧ, ಅದರಿಂದ ಗ್ರೀನ್ ಕಾರ್ಡ್ ಕನಸೇ ಮುಗಿದು ಹೋಗ್ಬಹುದು. ಇಷ್ಟು ವರ್ಷ ಕಾದಿದ್ದೀರ, ಇದಕ್ಕೂ ಕಾಯಿರಿ, ಇಲ್ಲಾ ಇಮಿಗ್ರೇಷನ್ ವಕೀಲರ ಹತ್ರ ಕೂತು ಮಾತಾಡಿ ಆಮೇಲೆ ಹೆಜ್ಜೆ ಇಡಿ. ಗ್ರೀನ್ ಕಾರ್ಡ್ ಇದ್ರೆ ಫೆಡರಲ್ ಮಟ್ಟದಲ್ಲಿ ಸಿಟಿಜನ್ ಥರಾನೇ ತಗೋಬಹುದು. ಇನ್ನೊಂದು, ಎಚ್1ಬಿಲಿ ಇರೋ ತಮ್ಮನಿಗೋಸ್ಕರ ಸಿಟಿಜನ್ ಆಗಿರೋ ಅಣ್ಣ ತನ್ನ ಹೆಸರಲ್ಲಿ ತಗೊಂಡು ಕೊಡೋದು ದೊಡ್ಡ ಫೆಡರಲ್ ಅಪರಾಧ, ಫಾರ್ಮಲ್ಲಿ ಮೊದಲಲ್ಲೇ ನೀನೇ ನಿಜವಾದ ಖರೀದಿದಾರನಾ ಅಂತ ಕೇಳಿರ್ತಾರೆ, ಅಲ್ಲಿ ಸುಳ್ಳು ಹೇಳಿ ಸಹಿ ಹಾಕ್ದಂಗಾಗುತ್ತೆ.

ಆ ಫಾರ್ಮ್ ಹೆಸರು 4473. ಲೈಸೆನ್ಸ್ ಇರೋ ಅಂಗಡಿಯಲ್ಲಿ ಅದನ್ನ ತುಂಬಿದ್ಮೇಲೆ ಅಂಗಡಿಯವರು ನಿಕ್ಸ್ (NICS) ಅನ್ನೋ ಫೆಡರಲ್ ವ್ಯವಸ್ಥೆಯಲ್ಲಿ ಬ್ಯಾಕ್‌ಗ್ರೌಂಡ್ ಚೆಕ್ ಮಾಡಿಸ್ತಾರೆ, 1998ರಿಂದ ನಡ್ಕೊಂಡು ಬಂದಿರೋದು, ಸುಮಾರು ಜನಕ್ಕೆ ಕೆಲವೇ ನಿಮಿಷದಲ್ಲಿ ಮುಗಿಯುತ್ತೆ. ಗ್ರೀನ್ ಕಾರ್ಡ್‌ನೋರು ಏಲಿಯನ್ ನಂಬರ್ ಬರೀಬೇಕು, ಕಾರ್ಡ್ ಜೊತೇಲಿ ಇಟ್ಕೊಂಡು ಹೋಗಿ. ಲೈಸೆನ್ಸ್‌ನಲ್ಲಿರೋ ಅಡ್ರೆಸ್ ಈಗಿನ ಮನೆದೇ ಆಗಿರ್ಬೇಕು, ಮನೆ ಬದ್ಲಾಯಿಸಿ ಡಿಎಂವಿಲಿ ಅಪ್ಡೇಟ್ ಮಾಡ್ದೇ ಹೋದವರನ್ನ ಕೌಂಟರ್‌ನಿಂದಾನೇ ವಾಪಸ್ ಕಳಿಸ್ತಾರೆ. ಗಾಂಜಾ ನಿಮ್ಮ ರಾಜ್ಯದಲ್ಲಿ ಕಾನೂನುಬದ್ಧ ಆಗಿದ್ರೂ ಫೆಡರಲ್ ಫಾರ್ಮ್ ಅದನ್ನ ಒಪ್ಪಲ್ಲ, ಇದೂ ಗೊತ್ತಿರ್ಲಿ.

ರಾಜ್ಯದ ಕಾನೂನು ಇದರ ಮೇಲೆ ಇನ್ನೊಂದು ಪದರ. ಟೆಕ್ಸಾಸ್‌ನಲ್ಲಿ ಇರೋರಿಗೆ ಸುಲಭ. ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಕಡೆ ಇರೋ ನಮ್ಮೋರು ಕೇಳಿ, ವಾಷಿಂಗ್ಟನ್ ರಾಜ್ಯದಲ್ಲಿ 2018ರಲ್ಲಿ ಪಾಸಾದ ಕಾನೂನು ಪ್ರಕಾರ ಎಲ್ಲಾ ಸೆಮಿ ಆಟೋ ರೈಫಲ್‌ಗೂ, ಅಂದ್ರೆ ಈ ಪುಟ್ಟ .22ಕ್ಕೂ, 21 ವಯಸ್ಸಾಗಿರ್ಬೇಕು, ಸೇಫ್ಟಿ ಟ್ರೈನಿಂಗ್ ಮಾಡಿರೋ ದಾಖಲೆ ಬೇಕು, ಕಾಯೋ ದಿನಾನೂ ಇದೆ. ನ್ಯೂಯಾರ್ಕ್‌ನಲ್ಲಿ 2022ರಿಂದ ಸೆಮಿ ಆಟೋ ರೈಫಲ್‌ಗೆ ಲೈಸೆನ್ಸ್ ಬೇಕು. ಇಲಿನಾಯ್‌ನಲ್ಲಿ ಫಾಯಿಡ್ (FOID) ಅನ್ನೋ ಬಂದೂಕು ಮಾಲೀಕರ ಕಾರ್ಡ್, ನ್ಯೂಜೆರ್ಸಿಯಲ್ಲೂ ಐಡಿ ಕಾರ್ಡ್, ಕ್ಯಾಲಿಫೋರ್ನಿಯಾದಲ್ಲಿ ಒಂದು ಸೇಫ್ಟಿ ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೊಂಡು 10 ದಿನ ಕಾಯ್ಬೇಕು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್ ಇಲ್ಲೆಲ್ಲ ಮ್ಯಾಗಜೀನ್‌ಗೆ, ಅಂದ್ರೆ ರೈಫಲ್‌ಗೆ ಗುಂಡು ತುಂಬಿಡೋ ಡಬ್ಬಿಗೆ, 10 ಗುಂಡಿನ ಮಿತಿ. ಈ ಕಾನೂನುಗಳು ಕೋರ್ಟು ಕಚೇರಿ ಅಂತ ಬದಲಾಗ್ತಾನೇ ಇರ್ತವೆ, ಅದಕ್ಕೆ ಹೋಗೋ ಮುಂಚೆ ನಿಮ್ಮ ಊರಿನ ಅಂಗಡಿಗೆ ಫೋನ್ ಮಾಡಿ ಒಂದ್ಸಲ ಕೇಳಿ.

ಈಗ ಲೆಕ್ಕಕ್ಕೆ ಬರೋಣ. ರೈಫಲ್ ಬೆಲೆ ಒಂದ್ಸಲ ಕೊಡೋದು, ಗುಂಡಿನ ಬೆಲೆ ಪ್ರತಿ ಸಲ ಕೊಡೋದು. .22 ಎಲ್‌ಆರ್ ಗುಂಡು ಸುಮಾರು 7ರಿಂದ 10 ಸೆಂಟ್‌ಗೆ ಒಂದು ಸಿಗುತ್ತೆ, ಎಆರ್‌ಗೆ ಹಾಕೋ 5.56 ಗುಂಡು 45 ಸೆಂಟ್‌ನಿಂದ 60 ಸೆಂಟ್ ತನಕ ಓಡಾಡ್ತಿರುತ್ತೆ. ವರ್ಷಕ್ಕೆ 2000 ಗುಂಡು ಹೊಡೀತೀರ ಅಂತ ಇಟ್ಕೊಳ್ಳಿ, ಇದು ಜಾಸ್ತಿ ಏನಲ್ಲ, ತಿಂಗಳಿಗೆ ಒಂದ್ಸಲ ಹೋದ್ರೆ ಆಗಿಹೋಗುತ್ತೆ. .22 ಆದ್ರೆ 8 ಸೆಂಟ್ ಲೆಕ್ಕದಲ್ಲಿ 160 ಡಾಲರ್. 5.56 ಆದ್ರೆ 50 ಸೆಂಟ್ ಲೆಕ್ಕದಲ್ಲಿ 1000 ಡಾಲರ್. ಒಂದೇ ವರ್ಷಕ್ಕೆ 840 ಡಾಲರ್ ವ್ಯತ್ಯಾಸ, ಅಷ್ಟರಲ್ಲಿ ಮೂರು .22 ರೈಫಲ್ ಬರುತ್ತೆ. ದುಡ್ಡಿಗಿಂತ ಮುಖ್ಯವಾದ್ದು ಏನಂದ್ರೆ, ಗುಂಡು ದುಬಾರಿ ಆದಾಗ ಮನುಷ್ಯ ರೇಂಜ್‌ಗೆ ಹೋಗೋದನ್ನೇ ಕಮ್ಮಿ ಮಾಡ್ತಾನೆ, ರೈಫಲ್ ಬೀರು ಒಳಗೆ ಸುಮ್ನೆ ಕೂತಿರುತ್ತೆ, ಕೈಗೆ ಅಭ್ಯಾಸ ಅನ್ನೋದು ಬರೋದೇ ಇಲ್ಲ.

ಎರಡನೇ ಕಾರಣ ಒದೆತ ಮತ್ತೆ ಶಬ್ದ. ಎಆರ್ ಹೆಗಲಿಗೆ ಅಂಥಾ ಏನೂ ಒದೆಯಲ್ಲ, ಆದ್ರೆ ಇಂಡೋರ್ ರೇಂಜ್‌ನಲ್ಲಿ ಅದರ ಸದ್ದು ಎದೆಗೆ ಬಂದು ಬಡಿಯುತ್ತೆ, ಹೊಸಬರು ಟ್ರಿಗರ್ ಒತ್ತೋ ಮುಂಚೇನೇ ಕಣ್ಣು ಮುಚ್ಚಿ ಹೆಗಲು ಬಿಗಿ ಮಾಡ್ಕೊಳ್ಳೋಕೆ ಶುರು ಮಾಡ್ತಾರೆ. ಈ ಬೆಚ್ಚಿ ಬೀಳೋ ಅಭ್ಯಾಸ ಒಂದ್ಸಲ ಅಂಟ್ಕೊಂಡ್ರೆ ಬಿಡಿಸೋದು ಕಷ್ಟ. .22ರಲ್ಲಿ ಒದೆತ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಹಂಗಾಗಿ ಉಸಿರು, ಬೆರಳು, ಗುರಿ ಇಷ್ಟರ ಮೇಲೆ ಮಾತ್ರ ಗಮನ ಇಡಬಹುದು, ಮನೆಯವ್ರು ಮಕ್ಕಳೂ ಹೆದರ್ದೇ ಕಲೀತಾರೆ.

ಯಂತ್ರ ಹೆಂಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಹೇಳ್ಬಿಡ್ತೀನಿ, ಮುಂದೆ ಹೋಲಿಕೆಗೆ ಬೇಕಾಗುತ್ತೆ. ಸೆಮಿ ಆಟೋ ಅಂದ್ರೆ ಟ್ರಿಗರ್ ಒಂದ್ಸಲ ಒತ್ತಿದ್ರೆ ಒಂದೇ ಗುಂಡು, ಆಮೇಲೆ ಖಾಲಿ ಕೇಸ್ (ಗುಂಡಿನ ಲೋಹದ ಕವಚ) ತಾನೇ ಹೊರಗೆ ಹಾರಿ ಮುಂದಿನ ಗುಂಡು ತಾನೇ ಒಳಗೆ ಬಂದು ಕೂರುತ್ತೆ, ಮತ್ತೆ ಹೊಡೀಬೇಕಂದ್ರೆ ಬೆರಳು ಬಿಟ್ಟು ಮತ್ತೆ ಒತ್ತಬೇಕು. .22ರಲ್ಲಿ ಈ ಕೆಲಸ ನಡೆಯೋದು ಬ್ಲೋಬ್ಯಾಕ್‌ನಲ್ಲಿ, ಖಾಲಿ ಕೇಸೇ ಹಿಂದಕ್ಕೆ ತಳ್ಳಿ ಬೋಲ್ಟ್‌ನ, ಅಂದ್ರೆ ನಳಿಗೆಯ (ಬ್ಯಾರಲ್) ಹಿಂಭಾಗ ಮುಚ್ಚೋ ಲೋಹದ ತುಂಡನ್ನ, ಸರಿಸುತ್ತೆ, ಅದನ್ನ ತಡೆಯೋದು ಬೋಲ್ಟ್‌ನ ತೂಕ ಮತ್ತೆ ಒಂದು ಸ್ಪ್ರಿಂಗ್ ಅಷ್ಟೆ. ಎಆರ್‌ನಲ್ಲಿರೋ ಗ್ಯಾಸ್ ಟ್ಯೂಬು, ಲಾಕ್ ಆಗೋ ಬೋಲ್ಟು ಇದ್ಯಾವುದೂ ಇಲ್ಲ, ಅದಕ್ಕೇ .22 ಇಷ್ಟು ಅಗ್ಗ. ಅದರ ಇನ್ನೊಂದು ಮುಖ ಅಂದ್ರೆ ಗಲೀಜು, ಅರೆಬೆಂದ ಮದ್ದಿನಪುಡಿ, ಮೇಣ, ಸೀಸದ ಕಣ ಎಲ್ಲಾ ಬೋಲ್ಟ್ ಸುತ್ತ ಕಪ್ಪು ಜಿಡ್ಡಾಗಿ ಕೂರುತ್ತೆ, ಕ್ಲೀನ್ ಮಾಡ್ದೇ ಬಿಟ್ರೆ ಜಾಮ್ ಆಗುತ್ತೆ. ಜೊತೆಗೆ ಶಕ್ತಿ ಕಮ್ಮಿ ಇರೋ ಸಬ್‌ಸಾನಿಕ್ ಗುಂಡು ಹಾಕಿದ್ರೆ ಬೋಲ್ಟ್ ಪೂರ್ತಿ ಹಿಂದೆ ಹೋಗದೇ ಸಿಕ್ಕಾಕ್ಕೊಳ್ಳುತ್ತೆ, ಅದಕ್ಕೆ ಶುರುವಿಗೆ ಹೈ ವೆಲಾಸಿಟಿ ಗುಂಡೇ ತಗೊಳ್ಳಿ, ಸಿಸಿಐ ಮಿನಿ ಮ್ಯಾಗ್ ಅಂತ ಬರುತ್ತೆ, 40 ಗ್ರೇನ್ ತೂಕ, ಸೆಕೆಂಡಿಗೆ 1235 ಅಡಿ ವೇಗ, ಸ್ವಲ್ಪ ದುಬಾರಿ, ಆದ್ರೆ ರೈಫಲ್ ಸರಿ ಇದೆಯಾ ಇಲ್ವಾ ಅಂತ ಪರೀಕ್ಷೆ ಮಾಡೋಕೆ ಅದಕ್ಕಿಂತ ಒಳ್ಳೆದು ಬೇಡ.

ಇನ್ನು ರೈಫಲ್‌ಗಳು. ಮೊದಲು ರೂಗರ್ 10/22, ಬಾಯಲ್ಲಿ ಟೆನ್ ಟ್ವೆಂಟಿಟೂ ಅಂತಾರೆ. 1964ರಲ್ಲಿ ಬಂದಿದ್ದು, ಇವತ್ತಿಗೂ ತಯಾರಾಗ್ತಾನೇ ಇದೆ, ಮಾರಾಟ ಆಗಿರೋದು 50 ಲಕ್ಷಕ್ಕೂ ಮೇಲೆ. ಮಾಮೂಲಿ ಕಾರ್ಬೈನ್ ಮಾಡೆಲ್‌ಗೆ 18.5 ಇಂಚಿನ ಬ್ಯಾರಲ್, ತೂಕ ಸುಮಾರು 5 ಪೌಂಡ್, ಅಂಗಡಿ ಬೆಲೆ 250ರಿಂದ 350 ಡಾಲರ್ ಒಳಗೆ, ಸೇಲ್ ಇದ್ದಾಗ ಕೆಳಗಿನ ಕಡೆಗೆ ಸಿಗುತ್ತೆ. ಇದರ ಜೀವ ಇರೋದು ಮ್ಯಾಗಜೀನ್‌ನಲ್ಲಿ. .22 ಗುಂಡಿನ ತಳದಲ್ಲಿ ಒಂದು ಅಂಚು ಹೊರಗೆ ಚಾಚಿರುತ್ತೆ, ಉದ್ದ ಕಡ್ಡಿ ಥರ ಇರೋ ಮಾಮೂಲಿ ಮ್ಯಾಗಜೀನ್‌ನಲ್ಲಿ ಗುಂಡಿನ ಮೇಲೆ ಗುಂಡು ಕೂತಾಗ ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಾಕ್ಕೊಂಡು ಮುಂದೆ ಬರೋದಿಲ್ಲ. ರೂಗರ್‌ನೋರು ಗುಂಡುಗಳನ್ನ ಸುತ್ತೋ ಚಕ್ರದಲ್ಲಿ ಕೂರಿಸಿದ್ರು, ಜಾತ್ರೆಯ ತೊಟ್ಟಿಲಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸೀಟ್ ಇದ್ದಂಗೆ ಒಂದೊಂದು ಗುಂಡಿಗೂ ಒಂದೊಂದು ಗೂಡು, ಒಂದರ ಅಂಚು ಇನ್ನೊಂದಕ್ಕೆ ತಾಗೋದೇ ಇಲ್ಲ. 10 ಗುಂಡು ಹಿಡಿಯುತ್ತೆ, ರೈಫಲ್ ಹೊಟ್ಟೆಯೊಳಗೇ ಕೂತ್ಕೊಳ್ಳುತ್ತೆ, ಕೆಳಗೆ ಏನೂ ನೇತಾಡಲ್ಲ. ಅರವತ್ತು ವರ್ಷ ಆದ್ರೂ ಇದನ್ನ ಯಾರೂ ಬದಲಾಯಿಸೋಕೆ ಹೋಗಿಲ್ಲ ಅಂದ್ರೆ ಅದು ಎಷ್ಟು ಸರಿಯಾಗಿದೆ ಅಂತ ನೀವೇ ಯೋಚನೆ ಮಾಡಿ.

ಎರಡನೇ ಬಲ ಬಿಡಿಭಾಗ. ಬ್ಯಾರಲ್‌ನ ಎರಡು ಸ್ಕ್ರೂ ಬಿಚ್ಚಿದ್ರೆ ಮನೇಲೇ ಬದಲಾಯಿಸಬಹುದು, ಸ್ಟಾಕು (ಹೆಗಲಿಗೆ ಆನಿಸೋ ಭಾಗ), ಟ್ರಿಗರ್, ಗುರಿ ನೋಡೋ ಸೈಟು ಎಲ್ಲಾ ಹತ್ತಾರು ಕಂಪನಿಯೋರು ಮಾಡ್ತಾರೆ, ಏನು ಕೆಟ್ಟರೂ ಎಲ್ಲಿ ಬೇಕಾದ್ರೂ ಸಿಗುತ್ತೆ. ಮಾರೋಕೆ ಹೋದ್ರೂ ದುಡ್ಡು ಹೆಚ್ಚು ಹೋಗಲ್ಲ. ದೋಷಗಳೂ ಇವೆ, ಮುಚ್ಚಿಡಲ್ಲ. ಫ್ಯಾಕ್ಟರಿ ಟ್ರಿಗರ್ ಗಟ್ಟಿ ಮತ್ತೆ ಒರಟು. ಕೊನೆ ಗುಂಡು ಹೊಡೆದ್ಮೇಲೆ ಬೋಲ್ಟ್ ತೆರೆದು ನಿಲ್ಲಲ್ಲ, ಹಂಗಾಗಿ ಖಾಲಿ ಆಯ್ತಾ ಇಲ್ವಾ ಗೊತ್ತಾಗ್ದೇ ಕ್ಲಿಕ್ ಅನ್ನೋ ಸದ್ದಿಗೆ ಕಾಯ್ಬೇಕು. ಬೋಲ್ಟ್ ಹಿಡಿಸೋ ಪುಟ್ಟ ಲಿವರ್ ಟ್ರಿಗರ್ ಗಾರ್ಡ್ ಮುಂದೆ ಇದೆ, ಒಂದು ಕೈಲಿ ಬೋಲ್ಟ್ ಎಳೆದು ಹಿಡ್ಕೊಂಡು ಇನ್ನೊಂದು ಕೈ ಬೆರಳಲ್ಲಿ ಆ ಲಿವರ್ ಒತ್ತಬೇಕು, ಮೊದಮೊದಲು ಮೂರನೇ ಕೈ ಇದ್ರೆ ಚೆನ್ನಾಗಿತ್ತು ಅನ್ಸುತ್ತೆ, ಇದನ್ನ ಸರಿ ಮಾಡೋ ಬಿಡಿಭಾಗ 10-15 ಡಾಲರ್‌ಗೆ ಸಿಗುತ್ತೆ. ಮಾಮೂಲಿ ಮಾಡೆಲ್‌ನಲ್ಲಿ ರಿಸೀವರ್ (ಒಳಗಿನ ಯಂತ್ರ ಕೂರೋ ಪೆಟ್ಟಿಗೆ) ಹಿಂಭಾಗ ಮುಚ್ಚಿರೋದ್ರಿಂದ ಕ್ಲೀನಿಂಗ್ ರಾಡ್ ಹಿಂದಿನಿಂದ ತೂರಿಸೋಕಾಗಲ್ಲ, ದಾರದ ಥರ ಇರೋ ಬೋರ್ ಸ್ನೇಕ್ ಎಳೀಬೇಕು. ಎತ್ತರ ಕಮ್ಮಿ ಇರೋರಿಗೆ ಮಕ್ಕಳಿಗೆ ಕಾಂಪ್ಯಾಕ್ಟ್ ಅಂತ ಚಿಕ್ಕದು ಬರುತ್ತೆ, 2012ರಿಂದ ಎರಡು ತುಂಡಾಗಿ ಬಿಚ್ಚಿ ಬ್ಯಾಗಲ್ಲಿ ಇಡೋ ಟೇಕ್‌ಡೌನ್ ಮಾಡೆಲ್ ಕೂಡ ಇದೆ, ಅದಕ್ಕೆ ಬೆಲೆ ಜಾಸ್ತಿ, ಅಪಾರ್ಟ್‌ಮೆಂಟ್‌ನಲ್ಲಿ ಇರೋರಿಗೆ ಜಾಗ ಉಳಿಯುತ್ತೆ ಅನ್ನೋದು ಬಿಟ್ರೆ ಮೊದಲ ರೈಫಲ್‌ಗೆ ಅದು ಬೇಕಿಲ್ಲ.

ಇದಕ್ಕೆ ನೇರ ಎದುರಾಳಿ ಆಗಿದ್ದಿದ್ದು ಮಾರ್ಲಿನ್ ಮಾಡೆಲ್ 60. 1960ರಿಂದ ಮಾಡ್ತಿದ್ರು, 1 ಕೋಟಿಗೂ ಮೇಲೆ ತಯಾರಾಗಿವೆ, ಅಂದ್ರೆ 10/22ಗಿಂತಾನೂ ಜಾಸ್ತಿ. ಮಾರ್ಲಿನ್ ಕಂಪನಿಯನ್ನ ರೆಮಿಂಗ್ಟನ್ ಕೊಂಡ್ಕೊಳ್ತು, ರೆಮಿಂಗ್ಟನ್ 2020ರಲ್ಲಿ ದಿವಾಳಿ ಆದಾಗ ಮಾರ್ಲಿನ್ ಹೆಸರು ರೂಗರ್ ಕೈಗೇ ಬಂತು, ಅವ್ರು ಲಿವರ್ ಆಕ್ಷನ್ (ಪ್ರತಿ ಸಲ ಕೈಲಿ ಲಿವರ್ ಆಡಿಸೋ) ರೈಫಲ್‌ಗಳನ್ನ ಮತ್ತೆ ಶುರು ಮಾಡಿದ್ರು, ಮಾಡೆಲ್ 60 ಮಾತ್ರ ವಾಪಸ್ ತಂದಿಲ್ಲ. ಹಂಗಾಗಿ ಇದು ಈಗ ಹಳೇದಷ್ಟೇ ಸಿಗೋದು, 150ರಿಂದ 250 ಡಾಲರ್ ಕೊಟ್ರೆ ಒಳ್ಳೆ ಸ್ಥಿತಿಯಲ್ಲಿರೋದು ಬರುತ್ತೆ. ಬ್ಯಾರಲ್ ಒಳಗೆ 16 ಸಣ್ಣ ಗೀರು ಇರೋ ಮೈಕ್ರೋ ಗ್ರೂವ್ ಅನ್ನೋ ಪದ್ಧತಿ, ಪೆಟ್ಟಿಗೆಯಿಂದ ತೆಗೆದ ಹಾಗೇ ಗುರಿ 10/22ಗಿಂತ ಬಿಗಿಯಾಗಿ ಬರುತ್ತೆ ಅನ್ನೋದು ಇದನ್ನ ಇಷ್ಟಪಡೋರ ಮಾತು, ನಾನೂ ಒಪ್ತೀನಿ. ಎಂಬತ್ತರ ದಶಕದ ನಂತರದ್ದಾದ್ರೆ ಕೊನೆ ಗುಂಡು ಆದ್ಮೇಲೆ ಬೋಲ್ಟ್ ತೆರೆದು ನಿಲ್ಲುತ್ತೆ.

ತೊಡಕಿರೋದು ಗುಂಡು ತುಂಬೋದ್ರಲ್ಲಿ. ಬ್ಯಾರಲ್ ಕೆಳಗೆ ಉದ್ದ ಟ್ಯೂಬ್ ಇರುತ್ತೆ, ಅದರ ಒಳಗಿನ ಹಿತ್ತಾಳೆ ಕೊಳವೆಯ ತುದಿ ತಿರುಗಿಸಿ ಮುಂದಕ್ಕೆ ಎಳೆದು, ಗುಂಡಿನ ಆಕಾರದಲ್ಲೇ ಕೊರೆದಿರೋ ತೂತಿನಲ್ಲಿ ಒಂದೊಂದೇ ಗುಂಡು ಬಿಡ್ತಾ ಹೋಗ್ಬೇಕು, ಪ್ರತಿಯೊಂದೂ ಟಿಕ್ ಅಂತ ಜಾರಿ ಕೆಳಗೆ ಹೋಗಿ ಕೂರುತ್ತೆ. ಬಿಸಿಲಲ್ಲಿ ಇದು ಹಿತವಾಗಿರುತ್ತೆ, ಡಿಸೆಂಬರ್ ಚಳೀಲಿ ಕೈಬೆರಳು ಮರಗಟ್ಟಿದಾಗ ಗುಂಡು ನೆಲಕ್ಕೆ ಬೀಳ್ತಾನೇ ಇರುತ್ತೆ. ಖಾಲಿ ಮಾಡೋದು ಇನ್ನೂ ಹುಷಾರಾಗಿ ಮಾಡ್ಬೇಕು, ಮ್ಯಾಗಜೀನ್ ಕಿತ್ತು ಕೈಲಿ ಹಿಡ್ಕೊಂಡ್ರೆ ಕಣ್ಣಿಗೆ ಕಾಣುತ್ತೆ, ಟ್ಯೂಬ್‌ನಲ್ಲಿ ಒಂದು ಗುಂಡು ಒಳಗೆ ಸಿಕ್ಕಾಕ್ಕೊಂಡು ಉಳಿದಿದ್ರೆ ಹೊರಗಿನಿಂದ ಕಾಣಲ್ಲ. ಮನೇಲಿ ಚಿಕ್ಕ ಮಕ್ಕಳಿದ್ದು ನೀವು ಪೂರ್ತಿ ಹೊಸಬರಾಗಿದ್ರೆ ಈ ಒಂದೇ ಕಾರಣಕ್ಕೆ ಟ್ಯೂಬ್ ರೈಫಲ್ ಬೇಡ ಅಂತೀನಿ ನಾನು. ಹಳೇ ರೈಫಲ್‌ನ ಯಾರದ್ದೋ ಮನೆಯಿಂದ ಕೊಳ್ಳೋದಾದ್ರೂ ಲೈಸೆನ್ಸ್ ಇರೋ ಅಂಗಡಿ ಮೂಲಕಾನೇ ವರ್ಗ ಮಾಡಿಸ್ಕೊಳ್ಳಿ, ಸ್ವಲ್ಪ ಶುಲ್ಕ ಆಗುತ್ತೆ, ಕಾಗದ ಪತ್ರ ಸರಿಯಾಗಿರುತ್ತೆ.

ಸ್ಮಿತ್ ಅಂಡ್ ವೆಸನ್‌ನೋರ ಎಂ ಅಂಡ್ ಪಿ 15-22 ಬೇರೆ ಜಾತಿ. ನೋಡೋಕೆ ಪೂರ್ತಿ ಎಆರ್, ಸೇಫ್ಟಿ, ಮ್ಯಾಗಜೀನ್ ಬಟನ್, ಬೋಲ್ಟ್ ಕ್ಯಾಚ್ ಎಲ್ಲಾ ಎಆರ್ ಇರೋ ಜಾಗದಲ್ಲೇ, ಒಳಗೆ ಮಾತ್ರ .22 ಬ್ಲೋಬ್ಯಾಕ್. ಮೇಲಿನ ಕೆಳಗಿನ ಎರಡೂ ರಿಸೀವರ್ ಪಾಲಿಮರ್, ಅದಕ್ಕೆ ಹಗುರ. ಮ್ಯಾಗಜೀನ್ 25 ಗುಂಡಿಂದು, ಮಿತಿ ಇರೋ ರಾಜ್ಯಕ್ಕೆ 10ರದ್ದು. ಮ್ಯಾಗಜೀನ್ ಪಕ್ಕದಲ್ಲಿ ಗುಬುಟು ಇದೆ, ಅದನ್ನ ಹೆಬ್ಬೆರಳಲ್ಲಿ ಕೆಳಗೆ ಎಳೆದು ಹಿಡಿದ್ರೆ ಗುಂಡು ಸರಾಗವಾಗಿ ಬೀಳುತ್ತೆ, ಉಗುರು ನೋಯಲ್ಲ. ಸ್ಟಾಕ್ ಉದ್ದ ಗಿಡ್ಡ ಮಾಡ್ಬಹುದು, ಒಂದೇ ರೈಫಲ್ ಆರು ಅಡಿ ಅಪ್ಪನಿಗೂ ಹನ್ನೆರಡು ವರ್ಷದ ಮಗಳಿಗೂ ಹೊಂದುತ್ತೆ, ಇದು ಸಣ್ಣ ಅನುಕೂಲ ಅಲ್ಲ. ಬೆಲೆ 400ರ ಮೇಲೆ. ಮುಂದೆ ಒಂದಿನ ಎಆರ್ ತಗೊಳ್ಳೋದೇ ಅಂತ ನಿಮಗೆ ಖಾತ್ರಿ ಇದ್ರೆ ಇದಕ್ಕೆ ಕೊಟ್ಟ ಹೆಚ್ಚಿನ ದುಡ್ಡು ದಂಡ ಅಲ್ಲ, ಕೈ ಕಲಿತ ಪಾಠ ಹಾಗೇ ಅಲ್ಲಿಗೂ ಹೋಗುತ್ತೆ. ಎಆರ್ ಇಷ್ಟ ಇಲ್ದವ್ರಿಗೆ ಇದರಲ್ಲಿ ವಿಶೇಷ ಲಾಭ ಕಾಣಲ್ಲ. ಎಆರ್ ರೂಪದ್ದನ್ನ ಕೆಲವು ರಾಜ್ಯಗಳಲ್ಲಿ ಮಾರೋದೇ ಇಲ್ಲ, ಅದನ್ನೂ ನೋಡ್ಕೊಳ್ಳಿ.

ವಿಂಚೆಸ್ಟರ್ ವೈಲ್ಡ್‌ಕ್ಯಾಟ್ ಹೊಸದು, 2020ರ ಸುಮಾರಿಗೆ ಬಂತು, ತಯಾರಾಗೋದು ಟರ್ಕಿಯಲ್ಲಿ. ತೂಕ ಬರೀ 4 ಪೌಂಡ್. ಇದನ್ನ ಮಾಡಿದವರು 10/22ನ ದೋಷಗಳ ಪಟ್ಟಿ ಮುಂದೆ ಇಟ್ಕೊಂಡೇ ಕೂತಿದ್ರೇನೋ ಅನ್ಸುತ್ತೆ, ಕೊನೆ ಗುಂಡಿಗೆ ಬೋಲ್ಟ್ ನಿಲ್ಲುತ್ತೆ, ಹಿಂಭಾಗದ ಒಂದು ಬಟನ್ ಒತ್ತಿದ್ರೆ ಒಳಗಿನ ಯಂತ್ರವೆಲ್ಲಾ ಒಂದೇ ತುಂಡಾಗಿ ಕೈಗೆ ಬರುತ್ತೆ, ಆಮೇಲೆ ಹಿಂದಿನಿಂದಾನೇ ರಾಡ್ ಹಾಕಿ ಬ್ಯಾರಲ್ ಕ್ಲೀನ್ ಮಾಡ್ಬಹುದು. ಇನ್ನೂ ಚೆನ್ನಾಗಿರೋದು, 10/22 ಮ್ಯಾಗಜೀನ್‌ಗಳೇ ಇದಕ್ಕೂ ಹೊಂದುತ್ತವೆ. ಬೆಲೆಯೂ 10/22 ಹತ್ತಿರಾನೇ. ಹಂಗಾದ್ರೆ ಇದನ್ನೇ ಯಾಕೆ ಮೊದಲು ಹೇಳ್ಲಿಲ್ಲ ಅಂದ್ರೆ, ಅಷ್ಟು ಹಗುರ ಇರೋದ್ರಿಂದ ನಿಂತು ಹೊಡಿಯುವಾಗ ತುದಿ ಗಾಳಿಗೆ ತೂಗಿದಂಗೆ ಆಡುತ್ತೆ, ಬಿಡಿಭಾಗದ ಆಯ್ಕೆ ಕಮ್ಮಿ, ಹೊರಗಿನ ಪ್ಲಾಸ್ಟಿಕ್ ಕೈಗೆ ಅಷ್ಟು ಹಿತವಿಲ್ಲ. ತೋಳಲ್ಲಿ ಬಲ ಕಮ್ಮಿ ಇರೋರಿಗೆ, ಮಕ್ಕಳಿಗೆ, ಕ್ಲೀನ್ ಮಾಡೋದು ಅಂದ್ರೆ ಬೇಜಾರು ಅನ್ನೋರಿಗೆ ಇದೇ ಸರಿ.

ತೀರಾ ಕಮ್ಮಿ ಬಜೆಟ್ ಆದ್ರೆ ಎರಡು ಇವೆ. ಸ್ಯಾವೇಜ್ 64, ಕೆನಡಾದ ಆಂಟೇರಿಯೋದಲ್ಲಿ ಲೇಕ್‌ಫೀಲ್ಡ್ ಅನ್ನೋ ಊರಲ್ಲಿ ಮಾಡ್ತಾರೆ, 200 ಡಾಲರ್ ಒಳಗೆ ಬರುತ್ತೆ, ಬ್ಯಾರಲ್ ಬೆಲೆಗೆ ಮೀರಿದಷ್ಟು ಚೆನ್ನಾಗಿದೆ, ಮ್ಯಾಗಜೀನ್ ಮಾತ್ರ ಕಡ್ಡಿ ಥರದ್ದು, ಆಗ್ಲೇ ಹೇಳಿದ ಅಂಚು ಸಿಕ್ಕೋ ತಾಪತ್ರಯ ಇದ್ದೇ ಇದೆ, ಗುಂಡು ತುಂಬುವಾಗ ಒಂದೊಂದನ್ನೂ ಮುಂದಕ್ಕೆ ಸರಿಸಿ ಕೂರಿಸಬೇಕು. ಇನ್ನೊಂದು ಬ್ರೆಜಿಲ್‌ನ ರೊಸ್ಸಿ ಆರ್‌ಎಸ್22, ಅದು ಇನ್ನೂ ಅಗ್ಗ. ಎರಡಕ್ಕೂ ಬಿಡಿಭಾಗ ಸಿಗೋದು ಕಮ್ಮಿ. 10/22ಗೂ ಇವಕ್ಕೂ 80-100 ಡಾಲರ್ ವ್ಯತ್ಯಾಸ, ಆ ದುಡ್ಡು ಈಗ ಇಲ್ಲ ಅಂದ್ರೆ ಸ್ಯಾವೇಜ್ ತಗೊಂಡು ಖುಷಿಯಾಗಿ ಹೊಡೀರಿ, ಕಲಿಯೋಕೆ ಏನೂ ಅಡ್ಡಿಯಿಲ್ಲ. ಇದೆ ಅಂದ್ರೆ 10/22ಗೇ ಹೋಗಿ.

ಹಂಗಾದ್ರೆ ಎಆರ್ ಯಾವಾಗ? .22ರಲ್ಲಿ 50 ಗಜಕ್ಕೆ ಕೈ ಕೂತು, 100 ಗಜದ ಆಚೆ ಹೊಡೆಯೋ ಆಸೆ ಬಂದಾಗ. ಆಗ ರೂಗರ್ ಎಆರ್ 556, ಸ್ಮಿತ್ ಅಂಡ್ ವೆಸನ್‌ನ ಸ್ಪೋರ್ಟ್ ಮಾಡೆಲ್, ಪಾಲ್ಮೆಟ್ಟೊ ಸ್ಟೇಟ್ ಆರ್ಮರಿಯವರದ್ದು, ಈ ಮೂರರಲ್ಲಿ ಸೇಲ್‌ನಲ್ಲಿ ಯಾವ್ದು ಕಮ್ಮಿಗೆ ಸಿಗುತ್ತೋ ಅದು, 500ರಿಂದ 800 ಡಾಲರ್ ಒಳಗೆ, ಮೊದಲ ಎಆರ್‌ಗೆ ಇವುಗಳ ಮಧ್ಯೆ ತಲೆ ಕೆಡಿಸ್ಕೊಳ್ಳೋ ಅಂಥ ಅಂತರ ಇಲ್ಲ. ಎಸ್‌ಕೆಎಸ್ ಅಂತ ಹಳೇ ಸೋವಿಯತ್ ವಿನ್ಯಾಸದ್ದು ಒಂದಿತ್ತು, ಒಂದು ಕಾಲಕ್ಕೆ ಬಡವರ ರೈಫಲ್ ಅಂತಾನೇ ಹೆಸರು, ಈಗ ಅದರ ಬೆಲೆ ಏರಿದೆ, 2021ರಲ್ಲಿ ರಷ್ಯಾದ ಗುಂಡಿನ ಹೊಸ ಆಮದಿಗೆ ಅಮೆರಿಕಾ ತಡೆ ಹಾಕಿದ್ಮೇಲೆ ಅದರ ಗುಂಡೂ ಮೊದಲಿನಷ್ಟು ಅಗ್ಗ ಇಲ್ಲ, ಹಳೇ ಮಾತು ನಂಬಿ ಹೋಗ್ಬೇಡಿ. ಮಧ್ಯದ ದಾರಿ ಬೇಕು ಅನ್ನೋರಿಗೆ 9 ಎಂಎಂ ಹಾಕೋ ರೂಗರ್ ಪಿಸಿ ಕಾರ್ಬೈನ್ ಇದೆ, ಗುಂಡು 25 ಸೆಂಟ್ ಆಸುಪಾಸು, ಪಿಸ್ತೂಲಿನ ಗುಂಡು ಮಾತ್ರ ಬಿಡೋ ಒಳಾಂಗಣ ರೇಂಜ್‌ಗಳಲ್ಲೂ ನಡೆಯುತ್ತೆ. ಮನೆ ರಕ್ಷಣೆಗೆ ಅಂತಾನೇ ಬಂದೂಕು ಹುಡುಕ್ತಿರೋರಿಗೆ .22 ಉತ್ತರ ಅಲ್ಲ, ಅದು ಬೇರೆ ಲೆಕ್ಕ, ಅದಕ್ಕೆ ತರಬೇತಿ ಮೊದಲು ಬಂದೂಕು ಆಮೇಲೆ.

ಒಟ್ಟು ಬಜೆಟ್ ಹೇಳ್ತೀನಿ, ರೈಫಲ್ ಬೆಲೆ ಮಾತ್ರ ನೋಡ್ಕೊಂಡು ಹೋಗೋರು ಇಲ್ಲೇ ತಪ್ಪೋದು. 10/22ಗೆ 280, ಇನ್ನೆರಡು ಮ್ಯಾಗಜೀನ್‌ಗೆ 36, ಕಿವಿಗೆ ಕಣ್ಣಿಗೆ ರಕ್ಷಣೆ 60, 500 ಗುಂಡಿಗೆ 40, ಬೋರ್ ಸ್ನೇಕು ಎಣ್ಣೆ 25, ಬೀಗ ಇರೋ ಸ್ಟೀಲ್ ಬೀರುಗೆ 150, ಎಲ್ಲಾ ಸೇರಿ ಟ್ಯಾಕ್ಸ್ ಬಿಟ್ಟು 591 ಡಾಲರ್. ಬೀರುನ ಈ ಪಟ್ಟಿಯಿಂದ ಯಾವ ಕಾರಣಕ್ಕೂ ತೆಗೀಬೇಡಿ. ರೈಫಲ್ ಜೊತೆ ಕೊಡೋ ಕೇಬಲ್ ಬೀಗ ಇಲ್ಲದೇ ಇರೋದಕ್ಕಿಂತ ಮೇಲು ಅಷ್ಟೆ. ಊರಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬಂದಿರ್ತಾರೆ, ಮಕ್ಕಳ ಫ್ರೆಂಡ್ಸ್ ಬರ್ತಿರ್ತಾರೆ, ವೀಸಾ ಮೇಲೆ ಇರೋ ಕಸಿನ್ ಬಂದು ಉಳ್ಕೊಂಡಿರ್ತಾನೆ, ಬೀಗದ ಕೈ ನಿಮ್ಮೊಬ್ಬರ ಹತ್ರ ಇರ್ಲಿ, ಗುಂಡು ಬೇರೆ ಜಾಗದಲ್ಲಿ ಬೀಗ ಹಾಕಿರ್ಲಿ. ಮಕ್ಕಳ ಕೈಗೆ ಸಿಕ್ಕೋ ಹಾಗೆ ಇಟ್ರೆ ಮನೆಯವರನ್ನೇ ಹೊಣೆ ಮಾಡೋ ಕಾನೂನು ಸುಮಾರು ರಾಜ್ಯಗಳಲ್ಲಿದೆ, ಕಾನೂನು ಇಲ್ದೇ ಇದ್ರೂ ಇದು ಮಾಡ್ಬೇಕಾದ ಕೆಲಸ.

ಸ್ಕೋಪ್ ಈಗ್ಲೇ ಬೇಡ. ಅಂಗಡೀಲಿ ರೈಫಲ್ ಜೊತೆ ಸ್ಕೋಪು, ಬೈಪಾಡು, ಲೈಟು ಅಂತ ಕಟ್ಟೋಕೆ ನೋಡ್ತಾರೆ, ಅದರ ದುಡ್ಡಲ್ಲಿ ಇನ್ನೊಂದು ಸಾವಿರ ಗುಂಡು ಬರುತ್ತೆ. ಜೊತೆಗೆ ಬರೋ ಸೈಟ್‌ನಲ್ಲೇ ಶುರು ಮಾಡಿ, ಕಣ್ಣಿಗೆ ಹತ್ತಿರದ್ದು ಕಾಣೋದು ಕಷ್ಟ ಆಗಿರೋ ವಯಸ್ಸಾದ್ರೆ ಮಾತ್ರ ಒಂದು ಸಾದಾ ರೆಡ್ ಡಾಟ್ (ಕೆಂಪು ಚುಕ್ಕಿ ತೋರಿಸೋ ಸೈಟ್) ಹಾಕಿಸ್ಕೊಳ್ಳಿ.

.22 ಅಂದ್ರೆ ಆಟಿಕೆ ಅನ್ನೋ ಭಾವನೆ ಮಾತ್ರ ಬೇಡವೇ ಬೇಡ. ಗುಂಡಿನ ಡಬ್ಬಿ ಮೇಲೇನೇ ಒಂದೂವರೆ ಮೈಲಿ ತನಕ ಹೋಗುತ್ತೆ ಅಂತ ಎಚ್ಚರಿಕೆ ಬರೆದಿರ್ತಾರೆ, ಓದಿ. ಪ್ರತಿ ಬಂದೂಕೂ ತುಂಬಿದೆ ಅಂತಾನೇ ತಿಳ್ಕೊಳ್ಳೋದು, ಹೊಡೀಬಾರದ ಕಡೆಗೆ ಬಾಯಿ ತಿರುಗಿಸದೇ ಇರೋದು, ಗುರಿ ಸರಿಯಾಗೋವರೆಗೂ ಬೆರಳು ಟ್ರಿಗರ್‌ನಿಂದ ಹೊರಗಿಡೋದು, ಗುರಿ ಹಿಂದೆ ಏನಿದೆ ಅಂತ ನೋಡೋದು, ಈ ನಾಲ್ಕು .22ಕ್ಕೂ ಅಷ್ಟೇ ಕಟ್ಟುನಿಟ್ಟು. ಟ್ರಿಗರ್ ಒತ್ತಿದ್ರೂ ಗುಂಡು ಹಾರದೇ ಇದ್ರೆ, ಅಗ್ಗದ .22ರಲ್ಲಿ ಇದು ಆಗ್ತಿರುತ್ತೆ, ರೈಫಲ್‌ನ ಗುರಿ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ಎಳೀರಿ. ಸೀಸ ಕೈಗೆ ಅಂಟಿರುತ್ತೆ, ರೇಂಜ್‌ನಲ್ಲಿ ಏನೂ ತಿನ್ಬೇಡಿ, ಸೋಪು ಹಾಕಿ ತಣ್ಣೀರಲ್ಲಿ ಕೈ ತೊಳ್ಕೊಂಡೇ ಕಾರು ಹತ್ತಿ.

ನಮ್ಮೋರಿಗೇ ಅಂತ ಒಂದು ಮಾತು. ರೇಂಜ್‌ಗೆ ಬೇರೆ ಬ್ಯಾಗ್ ಇಡಿ, ಅದೇ ಬ್ಯಾಗಲ್ಲಿ ಲ್ಯಾಪ್‌ಟಾಪ್ ಹಾಕ್ಕೊಂಡು ಬೆಂಗಳೂರಿಗೆ ಹೋಗ್ಬೇಡಿ. .22 ಗುಂಡು ಒಂದು ಇಂಚು ಉದ್ದ ಅಷ್ಟೆ, ಬ್ಯಾಗಿನ ಹೊಲಿಗೆ ಸಂದಿಯಲ್ಲಿ ಒಂದು ಉಳಿದ್ರೂ ಇಂಡಿಯಾದ ಏರ್‌ಪೋರ್ಟ್ ಸ್ಕ್ಯಾನರ್‌ನಲ್ಲಿ ಸಿಕ್ಕಿಬೀಳುತ್ತೆ, ಅಲ್ಲಿ ಲೈಸೆನ್ಸ್ ಇಲ್ದೇ ಒಂದು ಜೀವಂತ ಗುಂಡು ಇದ್ರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸ್ ಆಗ್ಬಹುದು, ರಜೆಯೆಲ್ಲಾ ಸ್ಟೇಷನ್ನು ಕೋರ್ಟು ಅಂತ ಓಡಾಟದಲ್ಲೇ ಕಳೆಯುತ್ತೆ. ಕೊಡಗಿನ ಕಡೆಯವರು ನಮ್ಮಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಅಂತ ಕೇಳ್ತಾರೆ, ಕೊಡವರಿಗೆ ಮತ್ತೆ ಜಮ್ಮಾ (ಕೊಡಗಿನ ಪಾರಂಪರಿಕ ಜಮೀನು) ಹಿಡುವಳಿದಾರರಿಗೆ ಇದೆ ನಿಜ, 2029ರ ತನಕ ವಿಸ್ತರಣೆಯೂ ಆಗಿದೆ, ಆದ್ರೆ ಇಲ್ಲಿ ಕೊಂಡ ರೈಫಲ್‌ನ ಅಲ್ಲಿಗೆ ಒಯ್ಯೋಕೆ ಅದು ಪರವಾನಗಿ ಅಲ್ಲ.

ಕೊಂಡ್ಮೇಲೆ ಎಲ್ಲಿ ಕಲಿಯೋದು ಅಂದ್ರೆ, ಪ್ರಾಜೆಕ್ಟ್ ಆಪಲ್‌ಸೀಡ್ ಅಂತ ದೇಶದ ತುಂಬಾ ವಾರಾಂತ್ಯದ ಶಿಬಿರ ನಡೆಸ್ತಾರೆ, ಕಲಿಸೋರೆಲ್ಲಾ ಸ್ವಯಂಸೇವಕರು, ಮಲಗಿ, ಕೂತು, ನಿಂತು ಹೊಡೆಯೋದನ್ನ ಮೊದಲಿಂದ ಹೇಳ್ಕೊಡ್ತಾರೆ, ರೈಫಲ್‌ನ ಪಟ್ಟಿಯನ್ನ (ಸ್ಲಿಂಗ್) ತೋಳಿಗೆ ಸುತ್ತಿ ರೈಫಲ್ ಅಲುಗಾಡದ ಹಾಗೆ ಹಿಡಿಯೋದನ್ನೂ. ಗುರಿ 25 ಗಜದಲ್ಲೇ ಇರುತ್ತೆ, ದೂರದ್ದಕ್ಕೆ ಚಿತ್ರವನ್ನೇ ಅಳತೆಗೆ ತಕ್ಕಂತೆ ಚಿಕ್ಕದು ಮಾಡಿ ಇಟ್ಟಿರ್ತಾರೆ, ಅದಕ್ಕೆ .22 ಸಾಕೇ ಸಾಕು, ಅಲ್ಲಿ ಸಾಲಿನ ಉದ್ದಕ್ಕೂ ಕಾಣೋದು 10/22ಗಳೇ. ಮಕ್ಕಳೂ ದೊಡ್ಡವರ ಜೊತೆ ಸೇರ್ಬಹುದು. ಹೋಗೋ ಮುಂಚೆ ರೈಫಲ್‌ಗೆ ಒಂದು ಪಟ್ಟಿ, ಕನಿಷ್ಠ ಎರಡು ಮ್ಯಾಗಜೀನು, ಎರಡು ದಿನಕ್ಕೆ ಸಾಕಾಗೋ ಅಷ್ಟು ಒಂದೇ ಬ್ರ್ಯಾಂಡಿನ ಗುಂಡು, ಮೊಣಕೈಗೆ ನೋಯದ ಹಾಗೆ ಒಂದು ಚಾಪೆ ಇಟ್ಕೊಳ್ಳಿ.